ಉಪಗ್ರಹದ ಕಣ್ಣಲ್ಲಿ ಕಡಲು: ನಕ್ಷೆ ಓದುವುದರಿಂದ ಬಲೆಯ ಮಿತಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಉಪಗ್ರಹಕ್ಕೆ ಮೀನು ಕಾಣಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೂರಾರು ಕಿಲೋಮೀಟರ್ ಮೇಲಿನಿಂದ ಅದಕ್ಕೆ ಸಿಗುವುದು ನೀರಿನ ಬಣ್ಣ, ಬಿಸಿ, ಎತ್ತರ, ಮೇಲ್ಮೈಯ ಒರಟುತನ, ರಾತ್ರಿಯಾದರೆ ದೋಣಿಗಳ ದೀಪ. ಅಷ್ಟೇ. ಈ ನಾಲ್ಕೈದು ಸುಳಿವುಗಳನ್ನು ಇಟ್ಟುಕೊಂಡು ಮೀನು ಎಲ್ಲಿ ಸೇರಿರಬಹುದು, ಹವಳ ಎಲ್ಲಿ ಬಿಸಿಗೆ ಬೇಯುತ್ತಿದೆ, ಯಾವ ಹಡಗು ಎಲ್ಲಿ ಕದ್ದು ಬಲೆ ಎಳೆಯುತ್ತಿದೆ ಎಂದು ಲೆಕ್ಕ ಹಾಕುವುದು ನಮ್ಮ ಕೆಲಸ.

ಈ ನಕ್ಷೆಗಳನ್ನು ಸಾಮಾನ್ಯವಾಗಿ ಜಾಸ್ತಿ ಮೀನು ಸಿಗುವ ಜಾಗ ಹುಡುಕುವ ಉಪಾಯ ಅಂತ ಪರಿಚಯ ಮಾಡಿಕೊಡುತ್ತಾರೆ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಎಲ್ಲಿ ಬಲೆ ಹಾಕಬಾರದು, ಯಾವಾಗ ಹಾಕಬಾರದು ಎಂದು ತಿಳಿಯುವುದಕ್ಕೂ ಇದೇ ನಕ್ಷೆ ಬೇಕು. ಈ ಎರಡನೇ ಕೆಲಸ ಬಿಟ್ಟು ಮೊದಲನೆಯದನ್ನು ಮಾತ್ರ ಕಲಿತರೆ ಕಡಲು ಬೇಗ ಖಾಲಿಯಾಗುತ್ತದೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ಎರಡೂ ಬರುತ್ತವೆ.

ಬೇಕಾದದ್ದು ಒಂದು ಕಂಪ್ಯೂಟರ್, ಇಂಟರ್‌ನೆಟ್, ಒಂದು ನೋಟ್‌ಬುಕ್. ದತ್ತಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹಂತ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

ಸುಮ್ನೆ ನಕ್ಷೆ ತೆರೆದು ಕೂತರೆ ಬಣ್ಣ ನೋಡುತ್ತಾ ಗಂಟೆಗಟ್ಟಲೆ ಹೋಗುತ್ತದೆ. ಮೊದಲು ಪ್ರಶ್ನೆ ಬರೆಯಿರಿ. ಅದರಲ್ಲಿ ಜಾಗ, ಅವಧಿ, ಏನು ತೀರ್ಮಾನ ಮಾಡಬೇಕು ಎಂಬ ಮೂರೂ ಇರಲಿ. "ಈ ಕೊಲ್ಲಿಯ ಹವಳದ ದಿಬ್ಬದ ಮೇಲೆ ಕಳೆದ ಮೂರು ತಿಂಗಳಲ್ಲಿ ಎಷ್ಟು ಬಿಸಿ ಕೂಡಿದೆ? ಮುಳುಗುಗಾರರನ್ನು ಕಳಿಸಿ ನೋಡಬೇಕೇ?" ಇದು ಒಳ್ಳೆಯ ಪ್ರಶ್ನೆ. "ಕಡಲು ಹೇಗಿದೆ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಹಂತ 2: ಯಾವ ಕಣ್ಣು ಏನನ್ನು ನೋಡುತ್ತದೆ, ತಿಳಿದುಕೊಳ್ಳಿ

ಕಡಲಿಗಾಗಿಯೇ ಮಾಡಿದ ಮೊದಲ ನಾಗರಿಕ ಉಪಗ್ರಹ ಸೀಸ್ಯಾಟ್. 1978ರಲ್ಲಿ ಹಾರಿತು, ಸುಮಾರು 105 ದಿನ ಕೆಲಸ ಮಾಡಿ ವಿದ್ಯುತ್ ದೋಷದಿಂದ ಸತ್ತುಹೋಯಿತು. ಅಷ್ಟರಲ್ಲೇ ರೇಡಾರ್‌ನಿಂದ ಅಲೆ, ಗಾಳಿ, ನೀರಿನ ಎತ್ತರ ಎಲ್ಲವನ್ನೂ ಅಳೆಯಬಹುದು ಎಂದು ತೋರಿಸಿಕೊಟ್ಟಿತು. ಅದೇ ವರ್ಷ ನಿಂಬಸ್-7 ಉಪಗ್ರಹದಲ್ಲಿ ಹೋದ ಉಪಕರಣ ಕಡಲಿನ ಬಣ್ಣ ಅಳೆಯಲು ಶುರುಮಾಡಿತು. ಇವತ್ತಿನ ಎಲ್ಲ ಉಪಕರಣಗಳೂ ಈ ಎರಡರ ಮಕ್ಕಳು ಮೊಮ್ಮಕ್ಕಳು.

ಬಣ್ಣದಿಂದ ಶುರುಮಾಡೋಣ. ಫೈಟೋಪ್ಲಾಂಕ್ಟನ್ ಎಂಬ ಸೂಕ್ಷ್ಮ ಸಸ್ಯಜೀವಿಗಳು ಕಡಲಿನ ಆಹಾರ ಸರಪಳಿಯ ಬುಡ. ಅವುಗಳಲ್ಲಿರುವ ಕ್ಲೋರೋಫಿಲ್ ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. ಹಾಗಾಗಿ ನೀರಿನಿಂದ ವಾಪಸ್ ಬರುವ ನೀಲಿ ಮತ್ತು ಹಸಿರಿನ ಪ್ರಮಾಣ ಹೋಲಿಸಿದರೆ ಕ್ಲೋರೋಫಿಲ್ ಎಷ್ಟಿದೆ ಎಂದು ಅಂದಾಜು ಸಿಗುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಶೇಕಡಾ 90 ಭಾಗ ಗಾಳಿಯಿಂದಲೇ ಚದುರಿ ಬಂದದ್ದು. ಅದನ್ನು ಕಳೆದು ಉಳಿದ ಚೂರಿನಲ್ಲಿ ನೀರಿನ ಬಣ್ಣ ಹುಡುಕಬೇಕು. ತೆರೆದ ಸಾಗರದಲ್ಲೇ ಕ್ಲೋರೋಫಿಲ್ ಅಂದಾಜಿನಲ್ಲಿ ಶೇಕಡಾ 35ರಷ್ಟು ತಪ್ಪನ್ನು ಒಪ್ಪಿಕೊಂಡೇ ಕೆಲಸ ನಡೆಯುತ್ತದೆ. ಅಕ್ವಾ ಉಪಗ್ರಹದ ಮೋಡಿಸ್, ಯುರೋಪಿನ ಸೆಂಟಿನೆಲ್-3, ಭಾರತದ ಓಷನ್‌ಸ್ಯಾಟ್-3, 2024ರ ಫೆಬ್ರವರಿಯಲ್ಲಿ ನಾಸಾ ಹಾರಿಸಿದ ಪೇಸ್, ಇವೆಲ್ಲ ಬಣ್ಣ ನೋಡುವ ಕಣ್ಣುಗಳು. ಪೇಸ್ ಬೆಳಕನ್ನು ತುಂಬಾ ಸಣ್ಣ ಪಟ್ಟಿಗಳಾಗಿ ಬಿಡಿಸಿ ನೋಡುವುದರಿಂದ ಪ್ಲಾಂಕ್ಟನ್ ಎಷ್ಟಿದೆ ಎನ್ನುವುದರ ಜೊತೆಗೆ ಯಾವ ಗುಂಪಿನದು ಎಂಬ ಸುಳಿವನ್ನೂ ಕೊಡುತ್ತದೆ.

ಮುಂದಿನದು ಬಿಸಿ. ಇನ್‌ಫ್ರಾರೆಡ್ ಉಪಕರಣ ಅಳೆಯುವುದು ನೀರಿನ ತೀರಾ ಮೇಲಿನ ಪೊರೆಯನ್ನು ಮಾತ್ರ, ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ದಪ್ಪ. ವಿವರ ಚೆನ್ನಾಗಿ ಬರುತ್ತದೆ, ಸುಮಾರು ಒಂದು ಕಿಲೋಮೀಟರಿಗೊಂದು ಅಳತೆ. ಆದರೆ ಮೋಡ ಬಂದರೆ ಮುಗಿಯಿತು. ಮೈಕ್ರೋವೇವ್ ಉಪಕರಣ ಮೋಡದೊಳಗಿಂದಲೂ ನೋಡುತ್ತದೆ, ಆದರೆ ಅದರ ಒಂದು ಚುಕ್ಕೆ ಹತ್ತಾರು ಕಿಲೋಮೀಟರ್ ಅಗಲ. ದಡದ ಹತ್ತಿರ ಅದು ಪ್ರಯೋಜನಕ್ಕೆ ಬರುವುದಿಲ್ಲ.

ನೀರಿನ ಎತ್ತರ ಅಳೆಯುವ ಕೆಲಸ 1992ರ ಟೋಪೆಕ್ಸ್-ಪೊಸೈಡಾನ್‌ನಿಂದ ಇವತ್ತಿನ ಸೆಂಟಿನೆಲ್-6ರವರೆಗೆ ಕಡಿಯದೆ ನಡೆದುಬಂದಿದೆ. 1336 ಕಿಲೋಮೀಟರ್ ಎತ್ತರದಿಂದ ರೇಡಾರ್ ಮಿಡಿತ ಕಳಿಸಿ, ವಾಪಸ್ ಬರುವ ಸಮಯ ಅಳೆದು, ಕೆಲವೇ ಸೆಂಟಿಮೀಟರ್ ತಪ್ಪಿನಲ್ಲಿ ಸಮುದ್ರಮಟ್ಟ ಹೇಳುತ್ತಾರೆ ಅಂದರೆ ನನಗಂತೂ ಈಗಲೂ ಬೆರಗು. ಉಬ್ಬು ತಗ್ಗು ಗೊತ್ತಾದರೆ ಪ್ರವಾಹ ಎತ್ತ ಹರಿಯುತ್ತಿದೆ, ಸುಳಿ ಎಲ್ಲಿದೆ ಎಂದು ಲೆಕ್ಕ ಹಾಕಬಹುದು. 2022ರ ಡಿಸೆಂಬರಿನಲ್ಲಿ ಹಾರಿದ ಸ್ವಾಟ್ ಒಂದು ಗೆರೆಯ ಬದಲು ಸುಮಾರು 120 ಕಿಲೋಮೀಟರ್ ಅಗಲದ ಪಟ್ಟಿಯನ್ನೇ ಅಳೆಯುತ್ತದೆ.

ಇನ್ನು ಚಿತ್ರ ತೆಗೆಯುವ ರೇಡಾರ್ ಮತ್ತು ರಾತ್ರಿಯ ದೀಪ ನೋಡುವ ವೀರ್ಸ್ ಎಂಬ ಉಪಕರಣ. ಇವೆರಡು ಹಡಗು ಹುಡುಕುವಾಗ ಬೇಕು, ಆಗ ಹೇಳುತ್ತೇನೆ.

ಹಂತ 3: ದತ್ತಾಂಶದ ಮಟ್ಟ ಆರಿಸಿಕೊಳ್ಳಿ

ಎಲ್ಲ ಕಡೆಯೂ ಲೆವೆಲ್-1, 2, 3, 4 ಎಂಬ ಹೆಸರು ಕಾಣುತ್ತದೆ. ಲೆವೆಲ್-1 ಉಪಕರಣದ ಕಚ್ಚಾ ಸಂಕೇತ, ಅದನ್ನು ಬಿಡಿ. ಲೆವೆಲ್-2 ಉಪಗ್ರಹ ಹಾದುಹೋದ ಪಟ್ಟಿಯ ಮೇಲಿನ ನಿಜವಾದ ಅಳತೆ, ಮೋಡ ಇದ್ದಲ್ಲಿ ತೂತು. ಲೆವೆಲ್-3 ಅದನ್ನೇ ಸಮನಾದ ಚೌಕಗಳಲ್ಲಿ ಕೂರಿಸಿ ಒಂದು ದಿನ, ಎಂಟು ದಿನ ಅಥವಾ ತಿಂಗಳಿಗೆ ಒಟ್ಟು ಮಾಡಿದ್ದು. ಲೆವೆಲ್-4ರಲ್ಲಿ ತೂತುಗಳನ್ನು ಲೆಕ್ಕ ಹಾಕಿ ತುಂಬಿರುತ್ತಾರೆ.

ಹೊಸಬರು ಲೆವೆಲ್-4 ನೋಡಿ ಖುಷಿಪಡುತ್ತಾರೆ, ಎಲ್ಲೂ ಖಾಲಿ ಇಲ್ಲ ಅಂತ. ಅದೇ ಅಪಾಯ. ಹತ್ತು ದಿನ ಮೋಡ ಕವಿದಿದ್ದ ಜಾಗದಲ್ಲೂ ಅಂದದ ಬಣ್ಣ ಬಳಿದಿರುತ್ತದೆ, ಅಲ್ಲಿ ಯಾರೂ ಏನೂ ಅಳೆದಿರುವುದಿಲ್ಲ. ದೊಡ್ಡ ಪ್ರದೇಶದ ಒಟ್ಟು ಬಿಸಿ, ಋತುಮಾನದ ಏರುಪೇರು ನೋಡಲು ಲೆವೆಲ್-4 ಸರಿ. ಇವತ್ತು ಬಿಸಿನೀರು ತಣ್ಣೀರು ಕೂಡುವ ಅಂಚು ಎಲ್ಲಿದೆ ಎಂದು ನೋಡಬೇಕಾದರೆ ಲೆವೆಲ್-2 ಅಥವಾ ದಿನದ ಲೆವೆಲ್-3ನ್ನೇ ತೆಗೆಯಿರಿ. ತೂತು ಇದ್ದರೆ ಇರಲಿ.

ಇನ್ನೊಂದು ಗಮನಿಸಿ. ಒಂದೇ ಅಳತೆಗೆ ತಕ್ಷಣ ಸಿಗುವ ಆವೃತ್ತಿ ಬೇರೆ, ವಾರ ತಿಂಗಳುಗಳ ನಂತರ ಸರಿಪಡಿಸಿ ಬಿಡುವ ಆವೃತ್ತಿ ಬೇರೆ. ಇವತ್ತಿನ ತೀರ್ಮಾನಕ್ಕೆ ಮೊದಲನೆಯದು, ಹತ್ತಿಪ್ಪತ್ತು ವರ್ಷದ ಬದಲಾವಣೆಗೆ ಎರಡನೆಯದು. ಎರಡನ್ನೂ ಒಂದೇ ಗ್ರಾಫಿನಲ್ಲಿ ಅಂಟಿಸಿದರೆ ಅಂಟಿನ ಜಾಗದಲ್ಲಿ ಇಲ್ಲದ ಏರಿಕೆಯೋ ಇಳಿಕೆಯೋ ಕಾಣುತ್ತದೆ.

ಹಂತ 4: ಮೊದಲ ನಕ್ಷೆ ತೆರೆಯಿರಿ

ಶುರುಮಾಡಲು ನಾಸಾದ ವರ್ಲ್ಡ್‌ವ್ಯೂ ತಾಣ ಸಾಕು. ಖಾತೆ ಬೇಡ, ಏನೂ ಇಳಿಸಿಕೊಳ್ಳಬೇಕಾಗಿಲ್ಲ.

ತಾಣ ತೆರೆದು ನಿಮ್ಮ ಕಡಲಿನ ಭಾಗಕ್ಕೆ ಹಿಗ್ಗಿಸಿ. ಎಡಗಡೆಯ "ಆಡ್ ಲೇಯರ್ಸ್" ಗುಂಡಿ ಒತ್ತಿ, ಹುಡುಕುವ ಜಾಗದಲ್ಲಿ ಕ್ಲೋರೋಫಿಲ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಒಂದು ಪದರ ಸೇರಿಸಿ. ಹಾಗೇ ಮೇಲ್ಮೈ ತಾಪಮಾನದ ಪದರ ಒಂದನ್ನು ಸೇರಿಸಿ. ಬುಡದಲ್ಲಿರುವ ಮಾಮೂಲಿ ಬಣ್ಣದ ಚಿತ್ರವನ್ನು ತೆಗೆಯಬೇಡಿ. ಮೋಡ ಎಲ್ಲಿತ್ತು, ನದಿಯ ಕೆಸರು ಎಲ್ಲಿವರೆಗೆ ಹರಡಿತ್ತು ಎಂದು ಕಣ್ಣಾರೆ ಕಾಣುವುದು ಅದರಲ್ಲೇ. ಕೆಳಗಿನ ಕಾಲಪಟ್ಟಿಯಲ್ಲಿ ಒಂದೊಂದೇ ದಿನ ಹಿಂದೆ ಹೋಗಿ. ಮೊದಲ ದಿನವೇ ಸ್ವಚ್ಛ ಚಿತ್ರ ಸಿಗುತ್ತದೆ ಎಂದುಕೊಳ್ಳಬೇಡಿ. "ಸ್ಟಾರ್ಟ್ ಕಂಪ್ಯಾರಿಸನ್" ಒತ್ತಿದರೆ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ಕಣ್ಣಿಗೆ ಅಭ್ಯಾಸವಾದ ಮೇಲೆ ಸಂಖ್ಯೆಗಳು ಬೇಕಾಗುತ್ತವೆ. ಯುರೋಪಿನ ಕೋಪರ್ನಿಕಸ್ ಮರೈನ್ ಸೇವೆಯಲ್ಲಿ ಉಚಿತ ಖಾತೆ ಮಾಡಿಕೊಂಡರೆ ಬಿಸಿ, ಪ್ರವಾಹ, ಎತ್ತರ, ಕ್ಲೋರೋಫಿಲ್ ಎಲ್ಲ ಒಂದೇ ಕಡೆ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ನಡೆಸುವ ಇಆರ್‌ಡಿಡಿಎಪಿ ತಾಣಗಳಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ ತುಂಬಿದರೆ ಅಷ್ಟೇ ಭಾಗವನ್ನು ಸಿಎಸ್‌ವಿ ಕಡತವಾಗಿ ಕೊಡುತ್ತವೆ, ಎಕ್ಸೆಲ್‌ನಲ್ಲೇ ತೆರೆಯಬಹುದು. ಕೋಡ್ ಬರೆಯಲು ಹೆದರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನೆಟ್‌ಸಿಡಿಎಫ್ (ವಿಜ್ಞಾನಿಗಳು ದತ್ತಾಂಶ ಇಡುವ ರೂಪ) ಕಡತಗಳೇ ಸಿಕ್ಕರೆ ಉಚಿತ ತಂತ್ರಾಂಶಗಳಾದ ಪನೋಪ್ಲಿ ಅಥವಾ ಕ್ಯುಜಿಐಎಸ್‌ನಲ್ಲಿ ತೆರೆಯಿರಿ. ತಾಪಮಾನ ಇನ್ನೂರ ತೊಂಬತ್ತೆಂಟೋ ಮುನ್ನೂರೋ ಎಂದು ತೋರಿಸಿದರೆ ಗಾಬರಿ ಬೇಡ, ಅದು ಕೆಲ್ವಿನ್. 273.15 ಕಳೆಯಿರಿ.

ಹಂತ 5: ನಂಬುವ ಮೊದಲು ಅನುಮಾನಿಸಿ

ಇಡೀ ಕೆಲಸದಲ್ಲಿ ಜನ ಹಾರಿಸಿಬಿಡುವ ಹಂತ ಇದೇ. ಇಲ್ಲಿ ಸ್ವಲ್ಪ ನಿಧಾನಿಸೋಣ.

ಪ್ರತಿ ಚೌಕದ ಜೊತೆಗೆ ಗುಣಮಟ್ಟದ ಗುರುತು ಇರುತ್ತದೆ. ತಾಪಮಾನದ ಲೆವೆಲ್-2 ಕಡತಗಳಲ್ಲಿ ಅದು ಸಾಮಾನ್ಯವಾಗಿ 0ಯಿಂದ 5ರವರೆಗೆ, 5 ಅಂದರೆ ಅತ್ಯುತ್ತಮ. 4 ಮತ್ತು 5 ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಚಿತ್ರ ತೂತುತೂತಾಗುತ್ತದೆ, ಆದರೆ ಉಳಿದದ್ದು ನಂಬಿಕಸ್ತ. ಮೋಡದ ಅಂಚಿನಲ್ಲಿರುವ ಚೌಕಗಳು ವಿಶೇಷ ಮೋಸಗಾರರು. ತೆಳುಮೋಡದ ತಂಪು ನೀರಿನ ತಂಪಿನಂತೆ ಕಂಡು, ಇಲ್ಲದ ತಣ್ಣೀರಿನ ಪಟ್ಟಿ ಮೂಡಿಬಿಡುತ್ತದೆ.

ಸರಾಸರಿ ಮಾಡುವಾಗಿನ ಒಂದು ಮೋಸ ನೋಡಿ. ಒಂದು ಚೌಕದಲ್ಲಿ ಎಂಟು ದಿನದಲ್ಲಿ ಮೂರೇ ದಿನ ಕ್ಲೋರೋಫಿಲ್ ಅಳತೆ ಸಿಕ್ಕಿದೆ ಎಂದುಕೊಳ್ಳಿ: ಘನಮೀಟರಿಗೆ 0.2, 0.3 ಮತ್ತು 8.0 ಮಿಲಿಗ್ರಾಂ. ಸರಾಸರಿ 2.8. ನಕ್ಷೆಯಲ್ಲಿ ಆ ಜಾಗ ದಟ್ಟ ಹಸಿರಾಗಿ, ಸಮೃದ್ಧ ನೀರಿನಂತೆ ಮೆರೆಯುತ್ತದೆ. ಆದರೆ ಆ 8.0 ಮೋಡದಂಚಿನ ಒಂದು ತಪ್ಪು ಅಳತೆ. ನಡುವಿನ ಬೆಲೆ ತೆಗೆದುಕೊಂಡರೆ 0.3, ಅಂದರೆ ಮಾಮೂಲಿ ನೀರು. ಅದಕ್ಕೇ ಕ್ಲೋರೋಫಿಲ್‌ಗೆ ಮಧ್ಯಾಂಕ, ಅಂದರೆ ಆ ನಡುವಿನ ಬೆಲೆ ಬಳಸಿ, ಇಲ್ಲವೇ ಲಾಗರಿದಮ್ ತೆಗೆದು ಸರಾಸರಿ ಮಾಡಿ. ನಕ್ಷೆಯ ಬಣ್ಣದ ಪಟ್ಟಿಯೂ ಲಾಗ್ ಅಳತೆಯಲ್ಲೇ ಇರಲಿ. ಸಾಗರದ ನಟ್ಟನಡುವೆ 0.1ಕ್ಕಿಂತ ಕಡಿಮೆ, ತಳದ ತಣ್ಣೀರು ಮೇಲೇಳುವ ಕಡೆ 1ಕ್ಕಿಂತ ಎಷ್ಟೋ ಜಾಸ್ತಿ ಇರುವಾಗ ಸಾದಾ ಅಳತೆಪಟ್ಟಿಯಲ್ಲಿ ಅರ್ಧ ಕಡಲು ಒಂದೇ ಬಣ್ಣವಾಗುತ್ತದೆ.

ದಡದ ಹತ್ತಿರ ಇನ್ನೂ ಎಚ್ಚರ ಬೇಕು. ನದಿ ತಂದ ಕೆಸರು, ಕೊಳೆತ ಎಲೆಗಳ ಕಂದುಬಣ್ಣ, ಆಳ ಕಡಿಮೆ ಇದ್ದಲ್ಲಿ ತಳದ ಮರಳು, ಇವೆಲ್ಲ ನೀಲಿ-ಹಸಿರಿನ ಲೆಕ್ಕವನ್ನು ಕೆಡಿಸುತ್ತವೆ. ಮಳೆಗಾಲದ ನದೀಮುಖದಲ್ಲಿ ಉಪಗ್ರಹ ತೋರಿಸುವ ಕ್ಲೋರೋಫಿಲ್‌ನಲ್ಲಿ ಪ್ಲಾಂಕ್ಟನ್ ಎಷ್ಟು, ಮಣ್ಣು ಎಷ್ಟು ಎಂದು ಬರೀ ನಕ್ಷೆ ನೋಡಿ ಹೇಳಲಾಗುವುದಿಲ್ಲ.

ಬಿಸಿಯ ವಿಷಯದಲ್ಲೂ ಒಂದು ಮಾತು. ಗಾಳಿ ಇಲ್ಲದ ಬಿಸಿಲ ಮಧ್ಯಾಹ್ನ ಮೇಲಿನ ಪದರ ಮಾತ್ರ ಒಂದೆರಡು ಡಿಗ್ರಿ ಕಾಯುತ್ತದೆ, ಎರಡು ಮಾರು ಕೆಳಗೆ ಏನೂ ಬದಲಾಗಿರುವುದಿಲ್ಲ. ಆದ್ದರಿಂದ ಸಾಧ್ಯವಾದಷ್ಟೂ ರಾತ್ರಿಯ ತಾಪಮಾನ ನೋಡಿ.

ಹಂತ 6: ಅಂಚು ಹುಡುಕಿ, ಸುಳಿ ಹುಡುಕಿ

ಮೀನು ಸೇರುವುದು ಹೆಚ್ಚಾಗಿ ಎರಡು ನೀರು ಕೂಡುವ ಅಂಚಿನಲ್ಲಿ. ತಣ್ಣೀರು ಪೋಷಕಾಂಶ ತರುತ್ತದೆ, ಪ್ಲಾಂಕ್ಟನ್ ಬೆಳೆಯುತ್ತದೆ, ಅದನ್ನು ತಿನ್ನುವ ಸಣ್ಣ ಜೀವಿಗಳು ಬರುತ್ತವೆ, ಅವುಗಳ ಹಿಂದೆ ಮೀನು. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ನಿನ್ನೆ ಹುಟ್ಟಿದ ಅಂಚಿನಲ್ಲಿ ಇವತ್ತು ದೊಡ್ಡ ಮೀನು ಇರಬೇಕೆಂದಿಲ್ಲ.

ತಾಪಮಾನದ ನಕ್ಷೆಯಲ್ಲಿ ಕಡಿಮೆ ದೂರದಲ್ಲಿ ದೊಡ್ಡ ವ್ಯತ್ಯಾಸ ಇರುವ ಗೆರೆ ಹುಡುಕಿ. ಐದು ಕಿಲೋಮೀಟರಿನಲ್ಲಿ 25.1ರಿಂದ 26.6 ಡಿಗ್ರಿಗೆ ಏರಿದರೆ ಅದು ಗಟ್ಟಿ ಅಂಚು. ಅದೇ ಒಂದೂವರೆ ಡಿಗ್ರಿ ನೂರು ಕಿಲೋಮೀಟರಿನಲ್ಲಿ ಹರಡಿದ್ದರೆ ಅಂಚಲ್ಲ, ಬರೀ ಇಳಿಜಾರು. ಈಗ ಅದೇ ಜಾಗದಲ್ಲಿ ಕ್ಲೋರೋಫಿಲ್ ಕೂಡ ಜಿಗಿಯುತ್ತದೆಯಾ ನೋಡಿ. ಎರಡೂ ಕೂಡಿದರೆ ಗುರುತು ಹಾಕಿ. ಮತ್ತೆ ಎರಡು ಮೂರು ದಿನ ಹಿಂದಿನ ಚಿತ್ರಕ್ಕೆ ಹೋಗಿ, ಅಲ್ಲೂ ಆ ಗೆರೆ ಇದ್ದರೆ ಮಾತ್ರ ಉಳಿಸಿಕೊಳ್ಳಿ.

ಸುಳಿಗೆ ಎತ್ತರದ ನಕ್ಷೆ ಬೇಕು. ಉತ್ತರಾರ್ಧಗೋಳದಲ್ಲಿ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುವ ಸುಳಿಯ ನಡುವೆ ಸಮುದ್ರಮಟ್ಟ ತಗ್ಗಿರುತ್ತದೆ, ಕೆಳಗಿನ ತಣ್ಣೀರು ಮೇಲೇಳುತ್ತದೆ. ಗಡಿಯಾರದ ದಿಕ್ಕಿನದು ಉಬ್ಬಿರುತ್ತದೆ, ಬೆಚ್ಚಗಿರುತ್ತದೆ. ದಕ್ಷಿಣಾರ್ಧದಲ್ಲಿ ತಿರುಗುವ ದಿಕ್ಕು ಅದಲುಬದಲು. ನೂರಾರು ಕಿಲೋಮೀಟರ್ ಅಗಲದ ಇಂಥ ಸುಳಿಗಳು ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಉಳಿಯುತ್ತವೆ, ಹಾಗಾಗಿ ಮೋಡ ಕವಿದ ವಾರದಲ್ಲೂ ಇವು ದಾರಿ ತೋರಿಸುತ್ತವೆ.

ಹಂತ 7: ಮಾಮೂಲಿ ಎಷ್ಟು ಎಂದು ತಿಳಿದು ಹೋಲಿಸಿ

ಇವತ್ತಿನ ನೀರು 30 ಡಿಗ್ರಿ ಇದೆ ಎಂದರೆ ಏನೂ ಹೇಳಿದಂತಾಗಲಿಲ್ಲ. ಈ ವಾರದಲ್ಲಿ ಇಲ್ಲಿ ಸಾಮಾನ್ಯವಾಗಿ ಎಷ್ಟಿರುತ್ತದೆ? ಮೂವತ್ತು ವರ್ಷದ ಸರಾಸರಿಯನ್ನು ಕಳೆದು ಉಳಿಯುವ ವ್ಯತ್ಯಾಸವೇ ಮುಖ್ಯ. ಆ ದಿನಾಂಕಕ್ಕೆ ಹಿಂದೆ ದಾಖಲಾದ ತಾಪಮಾನಗಳಲ್ಲಿ ಶೇಕಡಾ 90ಕ್ಕಿಂತ ಮೇಲಿನ ಬಿಸಿ ಐದು ದಿನ ಅಥವಾ ಅದಕ್ಕಿಂತ ಜಾಸ್ತಿ ನಿಂತರೆ ಅದನ್ನು ಕಡಲಿನ ಬಿಸಿಯಲೆ ಎನ್ನುತ್ತಾರೆ.

ಹವಳಕ್ಕೆ ಇನ್ನೂ ನೇರವಾದ ಲೆಕ್ಕ ಇದೆ, ಕೈಯಲ್ಲೇ ಮಾಡಬಹುದು. ಆ ಜಾಗದ ಅತಿ ಬಿಸಿ ತಿಂಗಳಿನ ಸರಾಸರಿ 29.0 ಡಿಗ್ರಿ ಎಂದಿಟ್ಟುಕೊಳ್ಳಿ. ಅದಕ್ಕಿಂತ ಒಂದು ಡಿಗ್ರಿಯೋ ಹೆಚ್ಚೋ ಮೇಲೆ ಹೋದ ವಾರಗಳನ್ನು ಮಾತ್ರ ಎಣಿಸಬೇಕು. ನಾಲ್ಕು ವಾರಗಳ ತಾಪಮಾನ 30.2, 30.5, 29.8, 31.0 ಎಂದರೆ ಮೇಲಿನ ಬಿಸಿ 1.2, 1.5, 0.8, 2.0. ಮೂರನೇ ವಾರ ಒಂದು ಡಿಗ್ರಿ ಮುಟ್ಟಲಿಲ್ಲ, ಬಿಡಿ. ಉಳಿದದ್ದು ಕೂಡಿದರೆ 4.7 ಡಿಗ್ರಿ-ವಾರ. ಹಿಂದಿನ 12 ವಾರಗಳಿಗೆ ಹೀಗೆ ಕೂಡುತ್ತಾ ಹೋಗಬೇಕು. 4 ದಾಟಿದರೆ ಹವಳ ಬಣ್ಣ ಕಳೆದುಕೊಂಡು ಬಿಳಿಚುವ ಸಾಧ್ಯತೆ ಜೋರು, 8 ದಾಟಿದರೆ ಸಾಯಲೂಬಹುದು. ನೋವಾದ ಕೋರಲ್ ರೀಫ್ ವಾಚ್ ಇದೇ ಲೆಕ್ಕವನ್ನು ಐದು ಕಿಲೋಮೀಟರ್ ಚೌಕಗಳಲ್ಲಿ ದಿನವೂ ಹಾಕುತ್ತದೆ. ಬಿಸಿ ಎಷ್ಟು ಹೆಚ್ಚಿತೆಂದರೆ 2023ರ ಕೊನೆಯಲ್ಲಿ ತನ್ನ ಎಚ್ಚರಿಕೆಯ ಪಟ್ಟಿಗೆ ಹೊಸ ಮೇಲಿನ ಹಂತಗಳನ್ನೇ ಸೇರಿಸಬೇಕಾಯಿತು. 2024ರ ಏಪ್ರಿಲಿನಲ್ಲಿ ನಾಲ್ಕನೇ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು ಘೋಷಿಸಲಾಯಿತು.

ಹಂತ 8: ನೀರಿಗೆ ಇಳಿದು ತಾಳೆ ನೋಡಿ

ದೋಣಿಯಿಂದ ಒಂದು ಥರ್ಮಾಮೀಟರ್, ಒಂದು ಸೆಕ್ಕಿ ತಟ್ಟೆ ಇಳಿಬಿಟ್ಟರೂ ಸಾಕು. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಪ್ರಯೋಗಿಸಿ ನೋಡಿದ ಈ ಬಿಳಿ ತಟ್ಟೆ ಎಷ್ಟು ಆಳಕ್ಕೆ ಹೋದಾಗ ಕಣ್ಮರೆಯಾಗುತ್ತದೆ ಎಂಬುದೇ ನೀರಿನ ತಿಳಿಯ ಅಳತೆ. ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ, ತಾಪಮಾನ, ತಟ್ಟೆ ಮರೆಯಾದ ಆಳ, ಸಿಕ್ಕ ಮೀನಿನ ಜಾತಿ, ಉದ್ದ, ಎಷ್ಟು ಹೊತ್ತು ಬಲೆ ಹಾಕಿದ್ದು, ಇಷ್ಟು ಬರೆದಿಡಿ. ಏನೂ ಸಿಗದ ದಿನವನ್ನೂ ಬರೆಯಿರಿ. ಖಾಲಿ ಬಲೆಯ ದಾಖಲೆ ಇಲ್ಲದಿದ್ದರೆ ನಕ್ಷೆ ಸರಿಯೋ ತಪ್ಪೋ ಎಂದು ಗೊತ್ತಾಗುವುದೇ ಇಲ್ಲ.

ಮೇಲ್ಮೈ ಕೆಳಗೆ ಏನಾಗುತ್ತಿದೆ ಎಂಬುದಕ್ಕೆ ಆರ್ಗೋ ತೇಲುಗಗಳಿವೆ, ಅಂದರೆ ತಾವೇ ಮುಳುಗಿ ಏಳುವ ಅಳತೆಯ ಯಂತ್ರಗಳು. ಜಗತ್ತಿನಾದ್ಯಂತ ಸುಮಾರು 4000 ತೇಲುಗಗಳು ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲಕ್ಕೆ ಬರುತ್ತಾ ಬಿಸಿ, ಉಪ್ಪು ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಇದೂ ಎಲ್ಲರಿಗೂ ಮುಕ್ತ.

ಹಂತ 9: ನಕ್ಷೆಯನ್ನು ಮಿತಿಯ ಜೊತೆ ಕಟ್ಟಿ

ಈಗ ನಿಜವಾದ ವಿಷಯಕ್ಕೆ ಬಂದೆವು. ಜಗತ್ತಿನಲ್ಲಿ ಲೆಕ್ಕ ಇಟ್ಟ ಮೀನು ಸಂತತಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಿತಿಮೀರಿ ಹಿಡಿಯಲ್ಪಟ್ಟಿವೆ ಎನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಹೀಗಿರುವಾಗ ಎಲ್ಲರ ಕೈಗೂ ಮೀನಿನ ಜಾಗ ತೋರಿಸುವ ನಕ್ಷೆ ಕೊಟ್ಟರೆ ಏನಾಗುತ್ತದೆ?

ಕೆನಡಾದ ಪೂರ್ವ ಕರಾವಳಿಯ ಕಾಡ್ ಮೀನಿನ ಕತೆ ಇದಕ್ಕೆ ಉತ್ತರ. ಸಂತತಿ ಕುಸಿಯುತ್ತಿದ್ದಾಗಲೂ ದೊಡ್ಡ ಟ್ರಾಲರ್‌ಗಳಿಗೆ ಗಂಟೆಗೆ ಸಿಗುವ ಮೀನು ಕಡಿಮೆಯಾಗಲಿಲ್ಲ. ಯಾಕೆಂದರೆ ಉಳಿದ ಮೀನುಗಳು ಒಂದೆಡೆ ಒತ್ತಾಗಿ ಸೇರಿದವು, ಟ್ರಾಲರ್‌ಗಳ ಉಪಕರಣ ಅವನ್ನು ಹುಡುಕುತ್ತಲೇ ಹೋಯಿತು. ಬಲೆ ತುಂಬುತ್ತಿದೆ, ಅಂದರೆ ಕಡಲೂ ತುಂಬಿದೆ ಎಂದು ಲೆಕ್ಕ ಹಾಕಿದರು. 1992ರ ಜುಲೈನಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30 ಸಾವಿರ ಜನರ ಕೆಲಸ ಹೋಯಿತು. ಆ ನಿಷೇಧ ತೆರವಾದದ್ದು 2024ರಲ್ಲಿ, ಮೂವತ್ತೆರಡು ವರ್ಷದ ನಂತರ!

ಹಾಗಾಗಿ ಮೀನು ಹುಡುಕಲು ಉಪಗ್ರಹ ಬಳಸುವ ಗುಂಪು ಮೂರು ಕೆಲಸ ಮೊದಲೇ ಮಾಡಿಟ್ಟುಕೊಳ್ಳಬೇಕು. ವರ್ಷಕ್ಕೆ ಒಟ್ಟು ಎಷ್ಟು ಟನ್ ಎಂಬ ಮಿತಿ. ಎಷ್ಟು ಸೆಂಟಿಮೀಟರಿಗಿಂತ ಸಣ್ಣದನ್ನು ಹಿಡಿಯಬಾರದು ಎಂಬ ಗೆರೆ. ಯಾವ ತಿಂಗಳು, ಯಾವ ಜಾಗ ಮುಚ್ಚಿರುತ್ತದೆ ಎಂಬ ಪಟ್ಟಿ. ಮಿತಿ ಮುಗಿದ ದಿನ ನಕ್ಷೆ ಕೊಡುವುದನ್ನೂ ನಿಲ್ಲಿಸಬೇಕು. ನಕ್ಷೆಯ ಲಾಭ ಕಾಣಬೇಕಾದದ್ದು ಉಳಿದ ಡೀಸೆಲ್‌ನಲ್ಲಿ, ಉಳಿದ ಸಮಯದಲ್ಲಿ. ಒಟ್ಟು ಟನ್ನಿನ ಲೆಕ್ಕ ಏರಿದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಪೆರುವಿನ ಆಂಕೊವೆಟಾ ಮೀನುಗಾರಿಕೆ ಇಲ್ಲಿ ನೋಡಬೇಕಾದ ಉದಾಹರಣೆ. 1970ರ ದಶಕದ ಆರಂಭದಲ್ಲಿ, ವಿಪರೀತ ಹಿಡಿದ ಮೇಲೆ ಎಲ್ ನಿನೊ (ಪೆಸಿಫಿಕ್ ಕಡಲು ಕಾಯುವ ವಿದ್ಯಮಾನ) ಬಂದು ಅದು ಕುಸಿದುಬಿದ್ದಿತ್ತು. ಈಗ ಅಲ್ಲಿ 12 ಸೆಂಟಿಮೀಟರಿಗಿಂತ ಸಣ್ಣ ಮೀನು ಹಿಡಿಯುವ ಹಾಗಿಲ್ಲ. 2023ರಲ್ಲಿ ಕಡಲು ಕಾದಾಗ ಉಪಗ್ರಹಗಳು ಬಿಸಿಯನ್ನು ತೋರಿಸಿದವು, ಆದರೆ ಮರಿಗಳೇ ಜಾಸ್ತಿ ಇವೆ ಎಂದು ತಿಳಿದದ್ದು ಹಡಗಿನಲ್ಲಿ ಹೋಗಿ ಅಳೆದ ಮೇಲೆ. ವರ್ಷದ ಮೊದಲ ಹಂಗಾಮನ್ನೇ ರದ್ದು ಮಾಡಿದರು. ಮೇಲಿನಿಂದ ನೋಡುವುದು, ನೀರಿನಲ್ಲಿ ಅಳೆಯುವುದು ಎರಡೂ ಕೂಡಿದ್ದಕ್ಕೇ ಆ ತೀರ್ಮಾನ ಸಾಧ್ಯವಾಯಿತು.

"ಇಲ್ಲಿ ಹಾಕಬೇಡಿ" ಎನ್ನುವ ನಕ್ಷೆಗೂ ಒಳ್ಳೆಯ ಮಾದರಿಗಳಿವೆ. ಹವಾಯಿಯ ಉತ್ತರಕ್ಕೆ ಲಾಂಗ್‌ಲೈನ್ (ಸಾಲಾಗಿ ಗಾಳ ಕಟ್ಟಿದ ಉದ್ದನೆಯ ಹಗ್ಗ) ಹಾಕುವ ದೋಣಿಗಳ ಗಾಳಕ್ಕೆ ಲಾಗರ್‌ಹೆಡ್ ಕಡಲಾಮೆಗಳು ಸಿಕ್ಕಿಕೊಳ್ಳುತ್ತಿದ್ದವು. ಆಮೆಗಳು ಹೆಚ್ಚಾಗಿ ಓಡಾಡುವುದು ಸುಮಾರು 17.5ರಿಂದ 18.5 ಡಿಗ್ರಿ ನೀರಿನಲ್ಲಿ ಎಂದು ತಿಳಿದ ಮೇಲೆ, 2006ರಿಂದ ನೋವಾ ಆ ಪಟ್ಟಿಯ ನಕ್ಷೆಯನ್ನು ದೋಣಿಗಳಿಗೆ ಕೊಡುತ್ತಾ ಬಂತು. ಹೆಸರು ಟರ್ಟಲ್‌ವಾಚ್. ಆಸ್ಟ್ರೇಲಿಯಾದ ಪೂರ್ವದಲ್ಲಿ ಸದರ್ನ್ ಬ್ಲೂಫಿನ್ ಟ್ಯೂನ ಇರಬಹುದಾದ ನೀರನ್ನು ತಾಪಮಾನದಿಂದ ಗುರುತಿಸಿ, ಕೋಟಾ ಇಲ್ಲದ ದೋಣಿಗಳು ಅತ್ತ ಹೋಗದಂತೆ ಗಡಿ ಹಾಕುತ್ತಾರೆ. ನೀರು ಸರಿದಂತೆ ಗಡಿಯೂ ಸರಿಯುತ್ತದೆ.

ನೀವು ಇಂಥದ್ದು ಮಾಡಬೇಕಾದರೆ, ಬಿಡಬೇಕಾದ ಜೀವಿ ಸಿಕ್ಕ ಪ್ರತಿ ಸಲದ ಜಾಗ, ದಿನಾಂಕವನ್ನು ಹಂತ 8ರಲ್ಲಿ ಬರೆದಿಟ್ಟ ದಾಖಲೆಯಿಂದ ತೆಗೆಯಿರಿ. ಆ ದಿನದ ತಾಪಮಾನ, ಕ್ಲೋರೋಫಿಲ್ ಜೋಡಿಸಿ. ಸಿಗದ ದಿನಗಳಿಗೂ ಹಾಗೇ ಮಾಡಿ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಒಂದು ತಾಪಮಾನದ ಪಟ್ಟಿ ಎದ್ದು ಕಂಡರೆ, ಅದೇ ನಿಮ್ಮ ಗಡಿಯ ಮೊದಲ ಕರಡು. ಎದ್ದು ಕಾಣದಿದ್ದರೆ ಒತ್ತಾಯದಿಂದ ಎಳೆಯಬೇಡಿ.

ಹಂತ 10: ಹಡಗುಗಳ ಮೇಲೆ ಕಣ್ಣಿಡಿ

ದೊಡ್ಡ ಹಡಗುಗಳು ತಮ್ಮ ಜಾಗ, ವೇಗ, ದಿಕ್ಕನ್ನು ಎಐಎಸ್ ಎಂಬ ರೇಡಿಯೊ ಸಂಕೇತದಲ್ಲಿ ಸಾರುತ್ತಾ ಹೋಗುತ್ತವೆ. ಅಂತರರಾಷ್ಟ್ರೀಯ ಯಾನದ 300 ಗ್ರಾಸ್ ಟನ್ (ಹಡಗಿನ ಒಳಗಾತ್ರದ ಅಳತೆ) ಮೇಲ್ಪಟ್ಟ ಹಡಗುಗಳಿಗೆ ಇದು ಕಡ್ಡಾಯ. 2016ರಲ್ಲಿ ಜನರಿಗೆ ತೆರೆದ ಗ್ಲೋಬಲ್ ಫಿಶಿಂಗ್ ವಾಚ್ ತಾಣ ಈ ಸಂಕೇತಗಳನ್ನು ಉಪಗ್ರಹದಿಂದ ಸಂಗ್ರಹಿಸಿ, ಮೀನುಗಾರಿಕೆಯ ಚಲನೆಯನ್ನು ಬೇರ್ಪಡಿಸಿ ತೋರಿಸುತ್ತದೆ. ಉಚಿತವಾಗಿ ನೋಡಬಹುದು.

ಹಾದಿಯನ್ನು ಓದುವುದು ಅಭ್ಯಾಸದಿಂದ ಬರುತ್ತದೆ. ಹತ್ತು ಹನ್ನೆರಡು ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿಲೋಮೀಟರ್) ವೇಗದ ನೇರ ಗೆರೆ ಅಂದರೆ ಸುಮ್ನೆ ಪ್ರಯಾಣ. ಎರಡರಿಂದ ಐದು ನಾಟ್‌ನಲ್ಲಿ ಹಿಂದೆ ಮುಂದೆ ಗೀಚಿದಂತಿದ್ದರೆ ಟ್ರಾಲ್ ಎಳೆಯುತ್ತಿರಬಹುದು. ಎರಡು ಹಡಗು 500 ಮೀಟರ್ ಒಳಗೆ, ಎರಡು ನಾಟ್‌ಗಿಂತ ನಿಧಾನವಾಗಿ, ಎರಡು ಗಂಟೆಗೂ ಹೆಚ್ಚು ಹೊತ್ತು ಜೊತೆಗಿದ್ದರೆ ನಡುಕಡಲಲ್ಲೇ ಮೀನು ವರ್ಗಾಯಿಸಿರುವ ಸಾಧ್ಯತೆ ಇದೆ.

ಸಂಕೇತ ನಿಲ್ಲಿಸಿದವರನ್ನು ಹುಡುಕಲು ರೇಡಾರ್ ಬೇಕು. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ ಚಿತ್ರದಲ್ಲಿ ಕಬ್ಬಿಣದ ಹಡಗು ಕತ್ತಲು, ಮೋಡ ಏನಿದ್ದರೂ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ಆ ಹೊತ್ತಿನ ಎಐಎಸ್ ಪಟ್ಟಿಯನ್ನು ಮೇಲಿಟ್ಟು ನೋಡಿ, ಹೆಸರಿಲ್ಲದ ಚುಕ್ಕೆಗಳನ್ನು ಗುರುತು ಮಾಡಿ. 2024ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನೇ ಜಗತ್ತಿನ ಮಟ್ಟದಲ್ಲಿ ಮಾಡಿತು. ಕೈಗಾರಿಕಾ ಮೀನುಗಾರಿಕೆ ಹಡಗುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಭಾಗ ಸಾರ್ವಜನಿಕ ಪಟ್ಟಿಗಳಲ್ಲಿ ಕಾಣುವುದೇ ಇಲ್ಲ ಎಂದು ಗೊತ್ತಾಯಿತು. ಉತ್ತರ ಕೊರಿಯಾದ ನೀರಿನಲ್ಲಿ 2017ರಲ್ಲಿ ಚೀನಾ ಮೂಲದ 900ಕ್ಕೂ ಹೆಚ್ಚು ಹಡಗುಗಳು ಸ್ಕ್ವಿಡ್ ಹಿಡಿದದ್ದು ಬಯಲಾದದ್ದೂ ರೇಡಾರ್, ಬಣ್ಣದ ಚಿತ್ರ, ರಾತ್ರಿಯ ದೀಪ ಎಲ್ಲ ಸೇರಿಸಿ ನೋಡಿದಾಗಲೇ. ಸ್ಕ್ವಿಡ್ ದೋಣಿಗಳ ಪ್ರಖರ ದೀಪಗಳನ್ನು ವೀರ್ಸ್ ಸಲೀಸಾಗಿ ಹಿಡಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಸಂಕೇತ ನಿಂತ ಮಾತ್ರಕ್ಕೆ ಕಳ್ಳತನ ಎಂದು ಹೇಳಬೇಡಿ. ಹಡಗುಗಳ ದಟ್ಟಣೆಯಲ್ಲಿ ಉಪಗ್ರಹಕ್ಕೆ ಸಂಕೇತ ತಪ್ಪಿಹೋಗುತ್ತದೆ, ಕಡಲ್ಗಳ್ಳರ ಭಯಕ್ಕೂ ಕೆಲವರು ನಿಲ್ಲಿಸುತ್ತಾರೆ. ಮರ ಮತ್ತು ಫೈಬರ್‌ನ ಸಣ್ಣ ದೋಣಿಗಳು ರೇಡಾರ್‌ಗೆ ಸರಿಯಾಗಿ ಕಾಣುವುದಿಲ್ಲ, ಅವಕ್ಕೆ ಎಐಎಸ್ ಕಡ್ಡಾಯವೂ ಅಲ್ಲ. ನಿಮ್ಮ ಕೈಯಲ್ಲಿರುವುದು ಅನುಮಾನ ಅಷ್ಟೇ. ಅದನ್ನು ಕರಾವಳಿ ಪಡೆಗೋ ಮೀನುಗಾರಿಕೆ ಇಲಾಖೆಗೋ ತಲುಪಿಸಿ, ಹಡಗಿನ ಹೆಸರನ್ನು ಊರೆಲ್ಲ ಹಂಚಬೇಡಿ.

ಎಣ್ಣೆ ಸೋರಿಕೆಗೂ ಇದೇ ರೇಡಾರ್. ಎಣ್ಣೆ ಸಣ್ಣ ಅಲೆಗಳನ್ನು ಅಡಗಿಸುವುದರಿಂದ ಆ ಜಾಗ ಕಪ್ಪಗೆ ಕಾಣುತ್ತದೆ. ಗಾಳಿ ಸೆಕೆಂಡಿಗೆ ಎರಡು ಮೂರು ಮೀಟರಿಗಿಂತ ಕಡಿಮೆ ಇದ್ದರೆ ಇಡೀ ಕಡಲೇ ಕಪ್ಪು, ಆಗ ಏನೂ ಹೇಳಲಾಗದು. ಹಡಗಿನ ಹಾದಿಯುದ್ದಕ್ಕೂ ಉದ್ದನೆಯ ಕಪ್ಪು ಗೆರೆ ಇದ್ದರೆ ಅನುಮಾನ ಗಟ್ಟಿ.

ಹಂತ 11: ನಕ್ಷೆಯನ್ನು ಇನ್ನೊಬ್ಬರಿಗೆ ಕೊಡುವಾಗ

ದೋಣಿಯಲ್ಲಿ ಹೋಗುವವರಿಗೆ ಬಣ್ಣದ ಚಿತ್ರಕ್ಕಿಂತ ಎರಡು ಸಾಲು ಹೆಚ್ಚು ಉಪಯೋಗ. ದಡದ ಇಂಥ ಗುರುತಿನಿಂದ ಇಂಥ ದಿಕ್ಕಿಗೆ ಇಷ್ಟು ನಾಟಿಕಲ್ ಮೈಲು, ಆಳ ಇಷ್ಟು, ಈ ಮಾಹಿತಿ ಇಂಥ ದಿನದವರೆಗೆ ಮಾತ್ರ. ಮುಚ್ಚಿದ ಜಾಗ ಹತ್ತಿರವಿದ್ದರೆ ಅದನ್ನೂ ಅದೇ ಸಾಲಿನಲ್ಲಿ ಹೇಳಿ. ಗಾಳಿ, ಅಲೆಯ ಮುನ್ಸೂಚನೆ ಜೊತೆಗಿಲ್ಲದೆ ಕಳಿಸಲೇಬೇಡಿ.

ನಕ್ಷೆಯನ್ನೇ ಕೊಡುವುದಾದರೆ ಮೂಲೆಯಲ್ಲಿ ಉಪಗ್ರಹದ ಹೆಸರು, ದತ್ತಾಂಶದ ಮಟ್ಟ, ಎಷ್ಟು ದಿನದ ಒಟ್ಟು ಎಂಬುದನ್ನು ಬರೆಯಿರಿ. ಅಳತೆ ಇಲ್ಲದ ಚೌಕಗಳನ್ನು ಬೂದು ಬಣ್ಣದಲ್ಲಿ ಬಿಡಿ, ಕಡಿಮೆ ಬೆಲೆಯ ಬಣ್ಣ ತುಂಬಬೇಡಿ. ಕಡತಗಳ ಸಮಯ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ಅದನ್ನು ಸ್ಥಳೀಯ ಸಮಯಕ್ಕೆ ಬದಲಿಸಿ, ದಿನಾಂಕ ಮುಂದೆ ಹೋಯಿತಾ ಹಿಂದೆ ಬಂತಾ ನೋಡಿಕೊಂಡು, ಆಮೇಲೆ ಕಳಿಸಿ.